ನಾನು ಬಿಟ್ಟ ಬ್ಯಾಚು, ಅಪ್ಪ ಬಿಡದ ಲೆಕ್ಕ

ಮೊದಲ ಪಿಯುಸಿ ಮುಗಿಯಲು ಒಂದು ತಿಂಗಳಿದೆ ಎನ್ನುವಾಗ ನಾನು ರ‍್ಯಾಂಕ್ ಬ್ಯಾಚ್ ಬಿಡುವುದೆಂದು ತೀರ್ಮಾನಿಸಿದೆ. ತೀರ್ಮಾನ ಎಂದರೆ ದೊಡ್ಡ ಮಾತಾಯಿತು. ಬೆಳಗ್ಗೆ ಐದೂಕಾಲಿಗೆ ಅಲಾರಂ ಹೊಡೆದಾಗ ಬಿಟ್ಟುಬಿಡಬೇಕು ಅನ್ನಿಸುತ್ತಿತ್ತು, ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬೇಡ, ಇರಲಿ ಅನ್ನಿಸುತ್ತಿತ್ತು. ಹೀಗೆ ದಿನಕ್ಕೆರಡು ತೀರ್ಮಾನಗಳಂತೆ ಮೂರು ವಾರ ಕಳೆದವು.

ನಮ್ಮ ಮನೆ ಲಗ್ಗೆರೆಯಲ್ಲಿ, ಕಾಲೇಜು ಪೀಣ್ಯದಲ್ಲಿ. ತುಮಕೂರು ರಸ್ತೆಗೆ ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳವು. ಕಾಲೇಜು ಮುಟ್ಟುವಷ್ಟರಲ್ಲಿ ಎಣ್ಣೆ ಹಚ್ಚಿ ಬಾಚಿದ ಜಡೆ ಸಿಮೆಂಟ್ ಬಣ್ಣಕ್ಕೆ ತಿರುಗುತ್ತಿತ್ತು. ಹತ್ತನೇ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದವರನ್ನು ಆರಿಸಿ ಕಾಲೇಜಿನವರು ರ‍್ಯಾಂಕ್ ಬ್ಯಾಚ್ ಮಾಡಿದ್ದರು. ಉಳಿದವರು ಒಂಬತ್ತೂವರೆಗೆ ಬಂದರೆ ನಾವು ಬೆಳಗ್ಗೆ ಆರೂವರೆಗೇ ಹಾಜರು. ಎಂಟೂವರೆಯವರೆಗೆ ಮುಂದಿನ ವರ್ಷದ ಗಣಿತ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ಲೆಕ್ಕ. ಪ್ರತಿಫಲವಾಗಿ ನಮ್ಮ ಗುರುತಿನ ಚೀಟಿಗೆ ಕೆಂಪು ಪಟ್ಟಿ, ಉಳಿದವರಿಗೆ ನೀಲಿ. ಆ ಕೆಂಪು ಪಟ್ಟಿಯನ್ನು ನಾನು ಸಂಜೆ ಮನೆಗೆ ಮರಳುವ ಬಸ್ಸಿನಲ್ಲೂ ಕೊರಳಿಂದ ತೆಗೆಯುತ್ತಿರಲಿಲ್ಲ. ಕಂಡಕ್ಟರಿಗೆ ಅದರ ಮಹಿಮೆ ಗೊತ್ತಿರಲಿಲ್ಲವೆನ್ನುವುದು ಬೇರೆ ಮಾತು.

ಪಟ್ಟಿ ಕೆಂಪಾಗಿದ್ದರೂ ಅಂಕಗಳು ಅದಕ್ಕೆ ಹೊಂದುತ್ತಿರಲಿಲ್ಲ. ಬ್ಯಾಚಿನ ಕೊನೆಯ ಪರೀಕ್ಷೆಯಲ್ಲಿ ಅರವತ್ತಕ್ಕೆ ಹನ್ನೊಂದು ಬಂದಿತ್ತು. ಅದರಲ್ಲಿ ನಾಲ್ಕು ಅಂಕ, ಕಣ್ಣು ಮುಚ್ಚಿ ಗುರುತು ಹಾಕಿದ್ದಕ್ಕೆ ಬಂದವು. ಇತ್ತ ನನಗೆ ನಿಜಕ್ಕೂ ಇಷ್ಟವಾದ ಕೆಮಿಸ್ಟ್ರಿಯಲ್ಲಿ ತರಗತಿಯ ಮಧ್ಯೆಯೇ ತೂಕಡಿಸತೊಡಗಿದ್ದೆ. ಮುಂದೆ ಡಿಗ್ರಿ ಕಾಲೇಜಿಗೆ ಅರ್ಜಿ ಹಾಕುವಾಗ ಎರಡನೇ ಪಿಯುಸಿಯ ಅಂಕವೇ ಬೇಕು, ಸಿಇಟಿ ರ‍್ಯಾಂಕಿಗೂ ಅದು ಅರ್ಧ ಸೇರುತ್ತದೆ. ಆರಾಮಾಗಿ ಮಲಗಿ, ಪಠ್ಯ ಓದಿಕೊಂಡರೆ ಸಾಕಲ್ಲ ಎಂಬುದು ನನ್ನ ವಾದ. ಈ ವಾದದಲ್ಲಿ ಮಲಗುವುದೇ ಮೊದಲು ಬರುತ್ತಿತ್ತೆಂಬುದನ್ನು ಬ್ಯಾಚಿನಲ್ಲೇ ಇದ್ದ ಗೆಳತಿ ಹಿಡಿದುಬಿಟ್ಟಳು.

"ಬಿಟ್ರೆ ಎಲ್ರೂ ದಡ್ಡಿ ಅಂತಾರೆ ಕಣೇ," ಅಂದಳು.

"ಇದ್ರೆ ನನಗೇ ಹಂಗನ್ಸುತ್ತೆ," ಅಂದೆ.

ಬ್ಯಾಚ್ ಬಿಡುವವರು ತಂದೆಯ ಸಹಿ ಇರುವ ಪತ್ರ ಕೊಡಬೇಕಿತ್ತು. ಒಮ್ಮೆ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲವೆಂದು ಪ್ರಿನ್ಸಿಪಾಲರು ಸಾರಿದ್ದರು. ಮನೆಯಲ್ಲಿ ಅಮ್ಮನಿಂದ ತೊಂದರೆ ಬರುತ್ತದೆಂದು ಮೊದಲು ಅವಳಿಗೇ ಹೇಳಿದೆ. ಅವಳು ದೋಸೆ ಮಗುಚುತ್ತ, "ಬಿಡು ಅತ್ಲಾಗೆ. ನಿನ್ನ ಮುಖ ನೋಡಿದ್ರೆ ಕಾಯಿಲೆಯವಳ ಥರ ಆಗಿದೆ," ಅಂದಳು. ತೊಂದರೆ ಬಂದದ್ದು ಎಂದೂ ಯಾವುದಕ್ಕೂ ಬೇಡವೆನ್ನದ ಅಪ್ಪನಿಂದ. ಪತ್ರ ಮುಂದಿಟ್ಟರೆ ಎರಡು ಸಲ ಓದಿ, "ಪೆನ್ನಿಲ್ವಲ್ಲ," ಅಂದರು. ಪೆನ್ನು ಅವರ ಜೇಬಿನಲ್ಲೇ ಇತ್ತು. ಅದಿಲ್ಲದೆ ಅವರು ಹಾಲು ತರಲೂ ಹೋಗುತ್ತಿರಲಿಲ್ಲ.

ಅಪ್ಪ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಚ್ಚು ತಯಾರಿಸುವ ವಿಭಾಗದಲ್ಲಿದ್ದರು. ಐಟಿಐ ಓದಿ ಇಪ್ಪತ್ತು ದಾಟುವ ಮೊದಲೇ ಕೆಲಸಕ್ಕೆ ಸೇರಿದವರು. ಬೆಳಗ್ಗೆ ಸ್ಕೂಟರಿನಲ್ಲಿ ನನ್ನನ್ನು ಕಾಲೇಜಿಗೆ ಬಿಡುತ್ತಿದ್ದರು. ಅವರ ಪಾಳಿ ಒಂಬತ್ತಕ್ಕೆ. ಮತ್ತೆ ಮನೆಗೆ ಹೋಗಿ ಬರುವುದೇಕೆಂದು ನಮ್ಮ ತರಗತಿಯ ಕಿಟಕಿಯಾಚೆ, ಹೊಂಗೆ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿ ಪೇಪರ್ ಓದುತ್ತಿದ್ದರು. ಹಾಗೆಂದು ನಾನು ನಂಬಿದ್ದೆ.

ಅಪ್ಪನ ಮುಂದೆ ಪತ್ರ ಇಟ್ಟ ಎರಡು ದಿನಕ್ಕೆ ಆ ನಂಬಿಕೆ ಹೋಯಿತು. ಗಣಿತದ ಮೇಷ್ಟ್ರು ಧಾರವಾಡದ ಕಡೆಯವರು. ಬೆಳಗಿನ ಚಳಿಯಲ್ಲೂ ಬೆವರುವಷ್ಟು ಉತ್ಸಾಹದಿಂದ ಪಾಠ ಮಾಡುವವರು. ಅಂದು ಬೋರ್ಡಿನ ಮೇಲೆ ಮಗ್ಗುಲಾದ ಬಟ್ಟಲಿನ ಆಕಾರದ ಒಂದು ಗೆರೆ ಎಳೆದು, ಪಕ್ಕದಲ್ಲಿ y² = 16x ಎಂದು ಬರೆದು, ಇದಕ್ಕೊಂದು ನಾಭಿ ಇರುತ್ತದೆ, ಅದು ಎಲ್ಲಿದೆ ಹೇಳಿ ಎಂದು ಕೇಳಿದರು. ಇಪ್ಪತ್ತೆಂಟು ಜನ ಬುದ್ಧಿವಂತರು ನೆಲ ನೋಡಿದೆವು. ಆಗ ಕಿಟಕಿಯ ಹೊರಗೆ ಯಾರೋ ಗಂಟಲು ಸರಿಮಾಡಿಕೊಂಡು ಹೇಳಿದರು:

"ನಾಲ್ಕು ಕಾಮಾ ಸೊನ್ನೆ, ಸಾರ್."

ಗಂಟಲು ನನಗೆ ಗುರುತಿನದೇ. ಬೆಂಚಿನ ಕೆಳಗೆ ಜಾಗವಿದ್ದಿದ್ದರೆ ಸೇರಿಕೊಳ್ಳುತ್ತಿದ್ದೆ.

ಮೇಷ್ಟ್ರು ಕಿಟಕಿಗೆ ಹೋದರು. "ಯಾರ್ರೀ ನೀವು?"

"ಕೊನೇ ಬೆಂಚಿನ ಹುಡುಗಿ ತಂದೆ, ಸಾರ್. ಕ್ಷಮಿಸಿ, ಬಾಯಿಗೆ ಬಂದ್ಬಿಡ್ತು."

"ಉತ್ತರ ಸರಿ ಐತಿ. ಹೆಂಗ ಗೊತ್ತಾತು?"

"ಗಾಡಿ ಹೆಡ್‌ಲೈಟಿನ ಬಟ್ಟಲಿಗೆ ನಾವು ಅಚ್ಚು ಮಾಡಿದ್ವಿ, ಸಾರ್. ಬಲ್ಬು ಎಲ್ಲಿ ಕೂರ್ಬೇಕು ಅಂತ ಡ್ರಾಯಿಂಗ್‌ನಲ್ಲಿ ಬರೆದಿರೋರು. ಅಲ್ಲೇ ಯಾಕೆ ಅಂತ ಯಾರೂ ಹೇಳಿರ್ಲಿಲ್ಲ. ಹೋದ್ವಾರ ನೀವು ಹೇಳಿದ್ರಲ್ಲ, ಅವತ್ತು ಗೊತ್ತಾಯ್ತು."

ಹೋದ ವಾರ! ತರಗತಿ ಗೊಳ್ಳೆಂದಿತು. ಮೇಷ್ಟ್ರು ಮಾತ್ರ ನಗಲಿಲ್ಲ. "ಕಿಟಕಿ ಯಾಕ ಕಾಯ್ತೀರಿ, ಒಳಗ ಬರ್ರಿ," ಅಂದರು. ಅಪ್ಪ ಹೆಲ್ಮೆಟ್ ಹಿಡಿದುಕೊಂಡು ಒಳಬಂದು, ಮದುವೆಮನೆಯಲ್ಲಿ ಕರೆಯದ ಪಂಕ್ತಿಗೆ ಬಂದವರಂತೆ ಹಿಂದಿನ ಗೋಡೆಗೊರಗಿ ನಿಂತರು.

ಅಂದು ಸಂಜೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸೆರಗು ಬಾಯಿಗೊತ್ತಿಕೊಂಡು ನಕ್ಕು, ಅಪ್ಪನ ಕಡೆ ತಿರುಗಿ, "ಅದಕ್ಕೇನ್ರೀ ಪೆನ್ನು ಸಿಗ್ತಿರ್ಲಿಲ್ಲ? ಬ್ಯಾಚಲ್ಲಿ ಓದ್ತಿರೋಳು ಅವಳೋ ನೀವೋ?" ಅಂದಳು. ಅಪ್ಪ ಟೀವಿಯ ಸದ್ದು ಹೆಚ್ಚಿಸಿದರು.

ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಅಪ್ಪನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲವಲ್ಲ, ಹಾಗಾದರೆ ನಾನು ದಡ್ಡಿಯೇ ಇರಬೇಕು. ಮರುದಿನ ಧೈರ್ಯ ಮಾಡಿ ಮೇಷ್ಟ್ರನ್ನೇ ಕೇಳಿದೆ.

"ದಡ್ಡಿ ಅಲ್ಲವ್ವಾ," ಅಂದರು. "ನಾ ಒಂದು ಹೇಳಿದ್ರ ನೀ ಅದರೊಳಗ ನಿಂತು ನೋಡಾಕಿ. ಈ ಬ್ಯಾಚಿನ್ಯಾಗ ನಿಂತು ನೋಡಾಕ ಹೊತ್ತಿಲ್ಲ, ಓಡೂದು ಅಷ್ಟ. ಬಿಟ್ರ ನಿನಗೇನೂ ನಷ್ಟ ಇಲ್ಲ."

ಕೇಳಿ ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಳ್ಳುವಷ್ಟರಲ್ಲಿ ಅವರು ಸ್ವಲ್ಪ ತಡವರಿಸಿ, "ಆದ್ರ ನಿಮ್ಮ ತಂದೆಯವರು ಬರ್ತಾರಿಲ್ಲೋ?" ಎಂದು ಕೇಳಿದರು. ನಾನು ಬಿಡುವುದಕ್ಕಿಂತ ಅದೇ ಅವರಿಗೆ ದೊಡ್ಡ ಚಿಂತೆಯಾಗಿತ್ತು.

ಶನಿವಾರ ತರಗತಿ ಮುಗಿದ ಮೇಲೆ ಅಪ್ಪ ನನ್ನನ್ನು ಎದುರಿನ ದರ್ಶಿನಿಗೆ ಕರೆದೊಯ್ದರು. ನಿಂತುಕೊಂಡೇ ಇಡ್ಲಿ ತಿನ್ನುವ ಜಾಗ. ಅರ್ಧ ಇಡ್ಲಿ ಮುಗಿಯುವವರೆಗೆ ಸಾಂಬಾರನ್ನೇ ನೋಡುತ್ತಿದ್ದವರು ಒಮ್ಮೆಲೇ ಹೇಳಿದರು:

"ಪುಟ್ಟಿ, ದಿನಾ ಇಷ್ಟು ಬೇಗ ಎದ್ದು ಬರೋದು ನಿನಗೋಸ್ಕರ ಅಂತ ಅಂದ್ಕೊಂಡಿದ್ದೆ. ಮೊದ್ಲು ಹಂಗೇ ಇತ್ತು. ಈಗಲ್ಲ ಕಣಮ್ಮ."

"ಹಂಗಾದ್ರೆ ನಾನು ಬಿಡ್ಲಾ, ಬೇಡ್ವಾ?"

"ನಂಗೆ ಆಸೆ ಆಯ್ತು ಅಂತ ನಿನ್ನ ನಿದ್ದೆ ಕೆಡ್ಸೋಕಾಗುತ್ತಾ? ಎಲ್ಲಿ, ಕೊಡು."

ಪತ್ರ ತೆಗೆದುಕೊಟ್ಟೆ. ಜೇಬಿನಿಂದ ಪೆನ್ನು ಬಂತು. ಕಲ್ಲಿನ ಮೇಜಿನ ಮೇಲೆ ಒದ್ದೆಯಿತ್ತೆಂದು ನನ್ನ ಬೆನ್ನಿನ ಮೇಲಿಟ್ಟುಕೊಂಡೇ ಸಹಿ ಹಾಕಿದರು. ಅಕ್ಷರಗಳು ಒತ್ತಿ ಒತ್ತಿ ಬೆನ್ನಿಗೆ ತಾಗುತ್ತಿದ್ದಾಗ ಬೇಡ ಅಪ್ಪ, ಇರ್ತೀನಿ ಎನ್ನಲು ಬಾಯಿ ತೆರೆದಿದ್ದೆ. ಐದೂಕಾಲರ ಅಲಾರಂ ನೆನಪಾಗಿ ಮುಚ್ಚಿದೆ.

ಸೋಮವಾರ ಕೆಂಪು ಪಟ್ಟಿ ಕೊಟ್ಟು ನೀಲಿ ಹಾಕಿಕೊಂಡೆ. ಯಾರೂ ದಡ್ಡಿ ಅನ್ನಲಿಲ್ಲ. ಯಾರೂ ಗಮನಿಸಲೇ ಇಲ್ಲ, ಅದೇ ಸ್ವಲ್ಪ ಬೇಜಾರು. ಮರುದಿನದಿಂದ ಏಳು ಗಂಟೆಯವರೆಗೆ ಮಲಗಿದೆ. ಅಪ್ಪನಿಗೆ ಆಗಲಿಲ್ಲ. ಐದಕ್ಕೇ ಎದ್ದು ಸ್ಕೂಟರ್ ಒರೆಸಿ, ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿ, ಅಡುಗೆಮನೆಯಲ್ಲಿ ಅಡ್ಡಾಡುತ್ತಿದ್ದರು. ನಾಲ್ಕನೇ ದಿನ ಅಮ್ಮ ಸಹಿಸಲಾರದೆ ತಿಂಡಿ ಡಬ್ಬಿ ಕೈಗಿಟ್ಟು, "ಹೋಗ್ರೀ, ಮೇಷ್ಟ್ರು ಕಾಯ್ತಿರ್ತಾರೆ," ಎಂದು ಅಟ್ಟಿದಳು. ಮಗಳೇ ಇಲ್ಲದ ಬ್ಯಾಚಿಗೆ ಅಪ್ಪ ಒಂದು ವರ್ಷ ಹೋದರು. ಹುಡುಗರು ಅವರನ್ನು ಅಂಕಲ್ ಎಂದು ಕರೆದು, ಅವರ ಮನೆಲೆಕ್ಕ ನೋಡಿ ಬರೆದುಕೊಳ್ಳುತ್ತಿದ್ದರಂತೆ.

ಎರಡನೇ ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ತೊಂಬತ್ತಮೂರು, ಗಣಿತಕ್ಕೆ ಎಂಬತ್ತನಾಲ್ಕು ಬಂತು. ಬ್ಯಾಚಿನಲ್ಲೇ ಉಳಿದ ಗೆಳತಿಗೆ ಸಿಇಟಿಯಲ್ಲಿ ನನಗಿಂತ ತುಂಬಾ ಮುಂದಿನ ರ‍್ಯಾಂಕ್ ಬಂತು. ಅವಳು ಎಂಜಿನಿಯರಿಂಗ್ ಸೇರಿದಳು. ಎರಡು ದಿನ ಹೊಟ್ಟೆ ಉರಿಯಿತು. ಮೂರನೆಯ ದಿನ ಕೆಮಿಸ್ಟ್ರಿ ಇರುವ ಬಿಎಸ್ಸಿಗೆ ಹೋಗುತ್ತೇನೆ ಎಂದೆ. ಅಷ್ಟು ಹೊತ್ತಿಗೆ ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೇ ತಡವಾಗಿತ್ತು.

ಅರ್ಜಿ ತರಲು ಜೊತೆಗೆ ಬರುತ್ತೇನೆಂದು ಅಪ್ಪ ರಜೆ ಹಾಕಿದ್ದರು. ಆದರೆ ಹಿಂದಿನ ಭಾನುವಾರ ನನ್ನ ಗಣಿತದ ಪ್ರಶ್ನೆಪತ್ರಿಕೆಯನ್ನು ತಾವೂ ಬರೆದು, ಗೈಡಿನ ಉತ್ತರಗಳ ಜೊತೆ ತಾಳೆ ನೋಡಿ, ಅರವತ್ತೊಂದು ಅಂಕ ಬಂತೆಂದೂ ಒಂದು ಲೆಕ್ಕದ ಅಚ್ಚಾದ ಉತ್ತರವೇ ತಪ್ಪೆಂದೂ ಕಂಡುಕೊಂಡಿದ್ದರು. ಅರ್ಜಿ ತರುವ ದಿನ ಬೆಳಗ್ಗೆ ಎಂಟಕ್ಕೆ, ಮೇಷ್ಟ್ರನ್ನು ಒಂದೇ ನಿಮಿಷ ಕೇಳಿ ಬರುತ್ತೇನೆಂದು ಹೊರಟರು. ಹತ್ತೂವರೆಯವರೆಗೆ ಕಾದೆ. ಆಮೇಲೆ ನಾನೊಬ್ಬಳೇ ಬಸ್ ಹತ್ತಿ ಹೋಗಿ, ಸಾಲಿನಲ್ಲಿ ನಿಂತು ಅರ್ಜಿ ತಂದೆ.