ಮೇಲಿನ ಮನೆಯ ಪಾಠ

ಆ ಮನೆಯಲ್ಲಿ ಅವಳಿಗೆ ಗಜಕಡ್ಡಿ ಎಂದು ಹೆಸರು. ಇಟ್ಟವರು ಅತ್ತೆ. ಮದುವೆಯಾಗಿ ಬಂದ ಹೊಸದರಲ್ಲೇ ಸೊಸೆ ಹಜಾರದ ಪರದೆಗಳನ್ನು ಇಳಿಸಿ ಅಳೆದು, ಎಡಗಡೆಯದು ಎರಡು ಬೆರಳು ಗಿಡ್ಡ ಎಂದು ಕಂಡುಹಿಡಿದಿದ್ದಳು. ಅಷ್ಟು ವರ್ಷ ಅದೇ ಪರದೆ ಎಳೆದು ಮಲಗಿದ್ದ ಅತ್ತೆಗೆ ಅದು ಗೊತ್ತೇ ಇರಲಿಲ್ಲ. ಅತ್ತೆ ಹೋದರು, ಹೆಸರು ಉಳಿಯಿತು. ಗಂಡ ಕರೆದರೆ ನಗುತ್ತಾಳೆ, ಬೇರೆಯವರು ಕರೆದರೆ ಕಣ್ಣಲ್ಲೇ ಅವರ ಭುಜದ ಅಳತೆ ತೆಗೆಯುತ್ತಾಳೆ.

ಅವಳ ಕೆಲಸ ಹೊಲಿಗೆ. ಬೀದಿಯ ಕಡೆಗಿನ ಕಿಟಕಿಯ ಬಳಿ ಯಂತ್ರ, ಪಕ್ಕದಲ್ಲಿ ಕತ್ತರಿಸಿಟ್ಟ ಬಟ್ಟೆಯ ಕಟ್ಟುಗಳು, ಕಾಲ ಬಳಿ ದಾರದ ತುಂಡುಗಳ ಕಸ. ಪೇಟೆಯ ಒಂದು ಅಂಗಡಿಗೆ ಶಾಲೆಯ ಸಮವಸ್ತ್ರ ಹೊಲಿದುಕೊಡುತ್ತಾಳೆ. ಸ್ಕರ್ಟಿನ ಸೊಂಟದ ಪಟ್ಟಿ ಸೇರುವಲ್ಲಿ ಎಲ್ಲರೂ ಒಂದು ಅಡ್ಡ ಹೊಲಿಗೆ ಹಾಕಿದರೆ ಇವಳು ಎರಡು ಹಾಕುತ್ತಾಳೆ. ‘ಹರಿದ್ರೆ ತಾನೇ ಹೊಸದು ತಗೊಳ್ಳೋದು, ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತೀಯಲ್ಲಮ್ಮ’ ಎಂದು ಅಂಗಡಿಯವನು ಗೊಣಗುತ್ತಾನೆ. ಊರಿನ ಅರ್ಧ ಹುಡುಗಿಯರನ್ನು ಶಾಲೆಗೆ ಹೊರಡಿಸುವ ಈ ಹೆಂಗಸು ತನ್ನ ಒಬ್ಬಳೇ ಮಗಳನ್ನು ಮಾತ್ರ ಶಾಲೆಗೆ ಕಳಿಸಿರಲಿಲ್ಲ.

ಅದಕ್ಕೆ ಕಾರಣ ಮಹಡಿಯ ಮೇಲಿನ ವಾರಗಿತ್ತಿ. ಭಾವನ ಹೆಂಡತಿ, ಹತ್ತು ವರ್ಷ ಮೇಡಂ ಆಗಿದ್ದವಳು, ಹೆಡ್‌ಮಾಸ್ತರರ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದವಳು. ಎಲ್ಲರ ಬಾಯಲ್ಲೂ ಟೀಚರಕ್ಕ. ಅವಳ ಮಗಳು ಪುಟ್ಟಿ, ಇವಳ ಮಗಳು ಗುಬ್ಬಿ. ಒಂದೇ ವರ್ಷದಲ್ಲಿ ಹುಟ್ಟಿದವು, ಒಂದೇ ತೊಟ್ಟಿಲಲ್ಲಿ ಸರದಿಯ ಮೇಲೆ ಮಲಗಿದವು. ಇಬ್ಬರಿಗೂ ಐದು ತುಂಬುವ ಹೊತ್ತಿಗೆ ಟೀಚರಕ್ಕ ಮೆಟ್ಟಿಲಿಳಿದು ಬಂದು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಳು.

“ಶಾಲೆ ಅನ್ನೋದು ಒಳಗಿಂದ ಹೇಗಿರುತ್ತೆ ಅಂತ ನನ್ನನ್ನ ಕೇಳು. ನಲವತ್ತು ಮಕ್ಕಳನ್ನ ಒಂದು ಕೋಣೇಲಿ ತುಂಬಿ ಸುಮ್ನೆ ಕೂರಿಸೋದಕ್ಕೇ ಅರ್ಧ ದಿನ ಹೋಗುತ್ತೆ. ನಾವಿಬ್ಬರೂ ಸೇರಿ ಮನೇಲೇ ಕಲಿಸೋಣ. ನಾನಿಲ್ವಾ?”

‘ನಾನಿಲ್ವಾ’ ಎಂಬ ಮಾತಿಗೆ ಗಜಕಡ್ಡಿ ಸೋತಳು. ಓದಿನಲ್ಲಿ ಅವಳದು ಅರ್ಧಕ್ಕೇ ನಿಂತ ಗಾಡಿ. ಅಂಥವಳಿಗೆ ಕಲಿತ ವಾರಗಿತ್ತಿಯೊಬ್ಬಳು ಬಂದು ಜೊತೆಗೆ ನಿಲ್ಲುತ್ತೇನೆ ಎಂದರೆ ಬೇಡ ಎನ್ನಲು ಬಾಯಿ ಬರುವುದಾದರೂ ಹೇಗೆ?

ಲೆಕ್ಕ, ಚಿತ್ರ, ಗಿಡ ಮರದ ಪಾಠಗಳು ಹೇಗೋ ನಡೆಯುತ್ತವೆ. ಭಾಷೆಯ ಪಾಠಕ್ಕೆ ಯಾವ ಕ್ರಮ ಹಿಡಿಯುವುದು ಎನ್ನುವಲ್ಲಿ ಮಾತ್ರ ಇಬ್ಬರೂ ಎರಡು ತಿಂಗಳು ಜಗ್ಗಾಡಿದರು. ಮನೆಪಾಠದ ಪುಸ್ತಕ ಮಾರುವವರ ಮಾತು ಕೇಳಬೇಕು! ಒಬ್ಬ ಮಗುವಿನ ಮೆದುಳು ಹೂವಿನಂತೆ ಅರಳುತ್ತದೆ ಎಂದು ಬರೆದಿದ್ದ. ಇನ್ನೊಬ್ಬ ಕಂಪ್ಯೂಟರಿನೊಳಗೆ ಕರಡಿಯೊಂದನ್ನು ಕೂರಿಸಿ, ಸರಿಯುತ್ತರಕ್ಕೊಮ್ಮೆ ಅದರಿಂದ ಚಪ್ಪಾಳೆ ತಟ್ಟಿಸುತ್ತಿದ್ದ. ಕರಡಿಯನ್ನು ಇಬ್ಬರೂ ಮೊದಲ ದಿನವೇ ಮನೆಯಿಂದ ಓಡಿಸಿದರು. ಉಳಿದದ್ದು ಎರಡು. ಒಂದು, ಅಕ್ಷರದಿಂದ ಶುರುವಾಗುವ ಅಭ್ಯಾಸ ಪುಸ್ತಕಗಳ ಕ್ರಮ: ತಿದ್ದು, ಕೂಡಿಸಿ ಓದು, ಕಾಗುಣಿತ, ಒತ್ತಕ್ಷರ, ಡಿಕ್ಟೇಶನ್. ಇನ್ನೊಂದು ಕಥೆಯ ಕ್ರಮ: ದೊಡ್ಡವರು ಓದುತ್ತಾರೆ, ಮಗು ಕೇಳಿ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತದೆ, ಪದ್ಯ ಬಾಯಿಗೆ ಬರುತ್ತದೆ, ಅಕ್ಷರ ಆಮೇಲೆ ನಿಧಾನಕ್ಕೆ.

ಗಜಕಡ್ಡಿಯ ಮನಸ್ಸು ಮೊದಲನೆಯದರ ಮೇಲಿತ್ತು. ಬಟ್ಟೆ ಕತ್ತರಿಸುವವಳಿಗೆ ತುಂಡುಗಳ ಮೇಲೆ ನಂಬಿಕೆ. ತೋಳು, ಕಾಲರ್, ಬೆನ್ನು ಎಲ್ಲವನ್ನೂ ಮುಂದಿಟ್ಟರೆ ತಾನೇ ಅಂಗಿ ಆಗುವುದು.

“ಅಯ್ಯೋ, ಭಾಷೆ ಅಂಗಿ ಅಲ್ಲ ಕಣೆ,” ಎಂದು ಟೀಚರಕ್ಕ ನಕ್ಕಳು. “ಮಗು ಮೊದ್ಲು ಭಾಷೆ ಮೇಲೆ ಪ್ರೀತಿ ಬೆಳೆಸ್ಕೊಳ್ಳಲಿ. ಪ್ರೀತಿ ಇದ್ರೆ ಅಕ್ಷರ ತಾನಾಗೇ ಬರುತ್ತೆ. ಇದನ್ನೇ ಅಲ್ವಾ ನಾನು ಇಷ್ಟು ವರ್ಷ ಮಾಡಿದ್ದು?”

ಅಲ್ಲಿಗೆ ಕಥೆಯ ಕ್ರಮ ಗೆದ್ದಿತು. ಜೊತೆಗೆ ಟೀಚರಕ್ಕ ಇನ್ನೊಂದು ಉಪಾಯ ಹೇಳಿದಳು. ಹೆತ್ತ ತಾಯಿ ಪಾಠಕ್ಕೆ ಕೂತರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದ್ದರಿಂದ ಭಾಷೆಯ ಪಾಠಕ್ಕೆ ಮಕ್ಕಳನ್ನು ಬದಲಿಸಿಕೊಳ್ಳುವುದು. ಗುಬ್ಬಿ ಮಹಡಿಗೆ, ಪುಟ್ಟಿ ಕೆಳಕ್ಕೆ. ಮತ್ತೊಂದು ಕಟ್ಟಳೆ: ಯಾರೂ ತಮ್ಮ ಮಗುವನ್ನು ತಾವೇ ಪರೀಕ್ಷೆ ಮಾಡಕೂಡದು. ಮಾಡಿದರೆ ಕಲಿಸುವವಳ ಮೇಲೆ ನಂಬಿಕೆ ಇಲ್ಲ ಎಂದು ಅರ್ಥ. ಗಜಕಡ್ಡಿ ಒಪ್ಪಿದಳು, ಒಪ್ಪಿದ್ದನ್ನು ಅಕ್ಷರಶಃ ಪಾಲಿಸಿದಳು. ಅಳತೆ ಕೊಟ್ಟ ಮೇಲೆ ಅರ್ಧ ಇಂಚು ಆಚೀಚೆ ಮಾಡುವ ಜಾಯಮಾನವೇ ಅವಳದಲ್ಲ.

ಪುಟ್ಟಿಗೆ ಕಥೆ ಹಿಡಿಸಲಿಲ್ಲ. ರಾಜ ಕಾಡಿಗೆ ಹೋದ ಎಂದರೆ ಇವಳ ಕಣ್ಣು ಗುಂಡಿಗಳ ಡಬ್ಬಿಗೆ ಹೋಗುತ್ತಿತ್ತು. ಮೂರನೆಯ ತಿಂಗಳು ಟೀಚರಕ್ಕ ತಾನೇ ಅಭ್ಯಾಸ ಪುಸ್ತಕಗಳ ಮೊದಲ ಕಟ್ಟು ತಂದುಕೊಟ್ಟಳು.

“ಇವಳ ಮನಸ್ಸು ಬೇರೆ ಥರ. ಇವಳಿಗೆ ನಿನ್ನ ದಾರೀಲೇ ಹೇಳ್ಕೊಡು. ಗುಬ್ಬಿಗೆ ಕಥೆ ಅಂದ್ರೆ ಪ್ರಾಣ, ಅವಳನ್ನ ನನಗೆ ಬಿಡು.”

ತನ್ನ ದಾರಿಗೂ ಒಂದು ಬೆಲೆ ಬಂತಲ್ಲ ಎಂದು ಗಜಕಡ್ಡಿ ಉಬ್ಬಿಹೋದಳು. ಹಳೆಯ ಬಟ್ಟೆಯ ತುಂಡಿನಲ್ಲಿ ಅಕ್ಷರ ಕತ್ತರಿಸಿದಳು, ಒತ್ತಕ್ಷರಗಳನ್ನು ಬೇರೆ ಬಣ್ಣದಲ್ಲಿ ಮಾಡಿ ಕೆಳಗೆ ಪಿನ್ನು ಹಾಕಿ ತೋರಿಸಿದಳು. ಪುಟ್ಟಿ ಎರಡು ವರ್ಷದಲ್ಲಿ ಹಾಲಿನ ಪೊಟ್ಟಣದಿಂದ ಹಿಡಿದು ಬಸ್ಸಿನ ಬೋರ್ಡಿನ ತನಕ ಬಿಡದೆ ಓದತೊಡಗಿದಳು. ಆ ಮಗು ಓದುವಾಗ ತನ್ನ ಹೊಟ್ಟೆಯಲ್ಲೇ ಹುಟ್ಟಿದ್ದೇನೋ ಎಂಬಷ್ಟು ಇವಳಿಗೆ ಸಂತೋಷ.

ಗುಬ್ಬಿಯ ಓದೂ ಹಾಗೆಯೇ ಸಾಗಿದೆ ಎಂದುಕೊಂಡಿದ್ದಳು. ಸಂಜೆ ಯಂತ್ರದ ಮುಂದೆ ಕೂತಾಗ ಗುಬ್ಬಿ ಪಕ್ಕದಲ್ಲಿ ಕಾಲು ಚಾಚಿ, ಮೇಲಿಂದ ತಂದ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದಳು. ಎಂಥಾ ಓದು! ನಿಲ್ಲಿಸುವಲ್ಲಿ ನಿಲ್ಲಿಸಿ, ಏರಿಸುವಲ್ಲಿ ಏರಿಸಿ, ಮುದುಕಿಗೊಂದು ದನಿ, ನರಿಗೊಂದು ದನಿ. ತಾಯಿಯ ಕಣ್ಣು ಸೂಜಿಯ ಮೇಲೆ, ಕಿವಿ ಮಗಳ ಮೇಲೆ. ಸೂಜಿಯಿಂದ ಕಣ್ಣು ತೆಗೆದರೆ ಬೆರಳು ಹೋಗುತ್ತದೆ. ಹಾಗಾಗಿ ಅಷ್ಟು ದಿನವೂ ಅವಳು ಮಗಳ ಓದನ್ನು ಕೇಳಿದಳೇ ಹೊರತು ನೋಡಲಿಲ್ಲ.

ಮಕ್ಕಳಿಗೆ ಎಂಟು ತುಂಬಿತು. ಒಂದು ಮಧ್ಯಾಹ್ನ ಬಟ್ಟೆ ಒಣಹಾಕಲು ತಾರಸಿಗೆ ಹೋದವಳು ಹಗ್ಗದ ಕೊನೆಯಲ್ಲಿ ಒಂದು ನೀಲಿ ಸ್ಕರ್ಟು ನೋಡಿದಳು. ಹೊಸದು, ಗಂಜಿ ಬಿಡಲು ಒಮ್ಮೆ ಒಗೆದು ಹಾಕಿದ್ದು. ಅಭ್ಯಾಸಬಲದಿಂದ ಸೊಂಟದ ಪಟ್ಟಿ ಮಗುಚಿದಳು. ಎರಡು ಅಡ್ಡ ಹೊಲಿಗೆ. ತಾನೇ ಹೊಲಿದದ್ದು! ಮೇಲಿನ ಮನೆಗೆ ಸಮವಸ್ತ್ರ ಯಾಕೆ ಬಂತು ಎಂದು ತಲೆ ಕೆರೆದುಕೊಳ್ಳುವಷ್ಟರಲ್ಲಿ ಪುಟ್ಟಿ ಓಡಿಬಂದಳು. ಬಾಯಿಗೆ ಬೀಗ ಹಾಕು ಎಂದು ಅಮ್ಮ ಹೇಳಿದ್ದಿರಬೇಕು. ಆದರೆ ಚಿಕ್ಕಮ್ಮನ ಮುಂದೆ ಆ ಬೀಗ ನಿಲ್ಲಲಿಲ್ಲ.

“ಚಿಕ್ಕಮ್ಮ, ನಾನು ದೊಡ್ಡ ಶಾಲೆ ಪರೀಕ್ಷೆ ಪಾಸಾದೆ! ಯಾವತ್ತೂ ನೋಡದೇ ಇರೋ ಪುಸ್ತಕ ಕೊಟ್ಟು ಓದು ಅಂದ್ರು. ಎಲ್ಲಾ ಓದಿದೆ. ಒತ್ತಕ್ಷರನೂ ತಪ್ಪಲಿಲ್ಲ. ಯಾರು ಹೇಳ್ಕೊಟ್ಟಿದ್ದು ಅಂದ್ರು, ಅಮ್ಮ ‘ನಾನೇ’ ಅಂದ್ಲು.”

ಗಜಕಡ್ಡಿಯ ಮೈ ಉರಿಯಿತು. ಶಾಲೆ ಬೇಡ ಎಂದವಳೇ ಹೇಳದೆ ಕೇಳದೆ ಮಗಳನ್ನು ಶಾಲೆಗೆ ಸೇರಿಸಿದ್ದಾಳೆ, ಕಲಿಸಿದವಳ ಹೆಸರನ್ನೂ ನುಂಗಿ ನೀರು ಕುಡಿದಿದ್ದಾಳೆ. ಆದರೂ ಅವಳು ಒಳ್ಳೆಯ ಮನಸ್ಸಿನ ಹೆಂಗಸು. ಮೆಟ್ಟಿಲಿಳಿಯುತ್ತಾ, ಆಗಲಿ, ಗುಬ್ಬಿಯನ್ನೂ ಅದೇ ಶಾಲೆಗೆ ಸೇರಿಸಿದರಾಯಿತು, ಅವಳ ಓದಿನ ಮುಂದೆ ಪುಟ್ಟಿಯದೇನು ಮಹಾ, ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಗುಬ್ಬಿ ನೆಲದ ಮೇಲೆ ಕೂತು ದಾರದ ಉಂಡೆ ಸುತ್ತುತ್ತಿದ್ದಳು. ಪರೀಕ್ಷೆ ಮಾಡಕೂಡದೆಂಬ ಕಟ್ಟಳೆಯನ್ನು ಟೀಚರಕ್ಕ ಆಗಲೇ ಮುರಿದಾಗಿತ್ತು. ತಾಯಿ ಯಂತ್ರಕ್ಕೆ ಬಿಡುವ ಎಣ್ಣೆಯ ಬಾಟಲಿ ಎತ್ತಿ ಮಗಳ ಕೈಗೆ ಕೊಟ್ಟಳು.

“ಇದರ ಮೇಲೆ ಏನಿದೆ ಓದು, ನೋಡೋಣ.”

ಗುಬ್ಬಿ ಬಾಟಲಿಯನ್ನು ತಿರುಗಿಸಿ ನೋಡಿದಳು. ಚೀಟಿಯ ಮೇಲೆ ಬೆರಳಿಟ್ಟಳು. ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. “ಒಂದು ಊರಿನಲ್ಲಿ ಒಬ್ಬ ಎಣ್ಣೆ ಮಾರುವವನಿದ್ದನು. ಅವನಿಗೆ ಇಬ್ಬರು ಹೆಣ್ಣುಮಕ್ಕಳು...” ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ದನಿ ಏರಿ ಇಳಿಯುತ್ತಿತ್ತು, ಒಂದು ಕಡೆಯೂ ತೊದಲಲಿಲ್ಲ. ಚೀಟಿಯ ಮೇಲೆ ಇದ್ದದ್ದು ನಾಲ್ಕೇ ಪದ: ಯಂತ್ರದ ಎಣ್ಣೆ. ಮಕ್ಕಳಿಂದ ದೂರವಿಡಿ.

ತಾಯಿ ಬಾಟಲಿ ಕಿತ್ತುಕೊಂಡು ಮಗಳ ಗಲ್ಲ ಹಿಡಿದೆತ್ತಿದಳು.

“ಗುಬ್ಬಿ, ನಿಂಗೆ ಓದಕ್ಕೆ ಬರಲ್ವಾ?”

ಗುಬ್ಬಿ ದಾರದ ಉಂಡೆಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, “ದೊಡ್ಡಮ್ಮಂಗೆ ಗೊತ್ತು. ಯಾವತ್ತೋ ಗೊತ್ತು. ಅಮ್ಮಂಗೆ ಹೇಳ್ಬೇಡ, ಬೇಜಾರಾಗ್ತಾಳೆ ಅಂದ್ರು. ಅವರು ಓದ್ತಾರೆ, ನಾನು ಬಾಯಿಪಾಠ ಮಾಡ್ತೀನಿ. ಪುಟ ಎಲ್ಲಿ ತಿರುಗಿಸ್ಬೇಕು ಅಂತನೂ ಹೇಳ್ಕೊಟ್ಟಿದಾರೆ,” ಎಂದಳು.

ಗಜಕಡ್ಡಿ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋದಳು. ಟೀಚರಕ್ಕ ಹೊಸ ಸ್ಕರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಮುಖ ನೋಡಿಯೇ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು.

“ನನ್ನ ಮಗಳಿಗೆ ಓದಕ್ಕೆ ಬರಲ್ಲ ಅಂತ ಗೊತ್ತಿದ್ದೂ ಯಾಕಕ್ಕ ಹೇಳ್ಲಿಲ್ಲ?”

“ಹೇಳ್ಬೇಕು ಅಂತಿದ್ದೆ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಅವಳ ನಾಲಗೆ ಮೇಲೆ ಎಷ್ಟು ಕಥೆ ಇದೆ ನೋಡು. ಅಷ್ಟು ಪ್ರೀತಿ ಇರೋ ಮಗೂಗೆ ಅಕ್ಷರದ್ದೇನು ಅವಸರ?”

“ಹಾಗಾದ್ರೆ ಪುಟ್ಟಿಗೆ ಏನು ಅವಸರ ಇತ್ತು?”

“ಅವಳು ಶಾಲೆಗೆ ಹೋಗ್ಬೇಕಿತ್ತಲ್ಲ,” ಎಂದುಬಿಟ್ಟಳು ಟೀಚರಕ್ಕ. ಆಡಿದ ಮೇಲೆ ತುಟಿ ಕಚ್ಚಿಕೊಂಡಳು.

ಆ ಒಂದು ಮಾತಿನಲ್ಲಿ ಎಲ್ಲ ಹೊರಬಿತ್ತು. ಅಭ್ಯಾಸ ಪುಸ್ತಕದ ಕಟ್ಟು ಹಿಡಿದು ಇಳಿದು ಬಂದ ದಿನವೇ ಟೀಚರಕ್ಕನ ಮನಸ್ಸಿನಲ್ಲಿ ಶಾಲೆ ಇತ್ತು. ದಾರಿ ಗಜಕಡ್ಡಿಯದೇ, ದುಡಿಮೆಯೂ ಅವಳದೇ, ಆದರೆ ಕಲಿತ ಮಗು ಮಾತ್ರ ಬೇರೆಯವಳದು. ಬೈಯಬೇಕೆಂದು ಹೋದವಳಿಗೆ ಬೈಗುಳ ಸಿಗಲಿಲ್ಲ. “ನಿನ್ನನ್ನ ಒಡಹುಟ್ಟಿದವಳು ಅಂದ್ಕೊಂಡಿದ್ದೆ ಅಕ್ಕ. ನಂಬಿಸಿ ಕತ್ತು ಕೊಯ್ದೆ,” ಎಂದಷ್ಟೇ ಹೇಳಿ ಇಳಿದಳು.

ಲಿಫ್ಟ್ ರಿಪೇರಿಯ ಕೆಲಸ ಮುಗಿಸಿ ಗಂಡ ಬಂದಾಗ ಅವಳು ಯಂತ್ರಕ್ಕೆ ಹೊದಿಕೆ ಹಾಕಿ ಕೂತಿದ್ದಳು. ಪುಟ್ಟಿ ಶಾಲೆಗೆ ಸೇರಿದಳಂತೆ ಎಂದರೆ, ಅವನು ಕೈಗೆ ಹತ್ತಿದ ಗ್ರೀಸು ಒರೆಸುತ್ತಾ, “ಹ್ಞೂಂ, ಅಣ್ಣ ಹೇಳಿದ್ದ,” ಎಂದ.

“ನಿಮಗೂ ಗೊತ್ತಿತ್ತಾ?”

“ಹೇಳಿದ್ರೆ ನೀನು ಜಗಳ ತೆಗೀತೀಯಾ ಅಂತ ಸುಮ್ನಿದ್ದೆ. ಒಂದೇ ಮನೇಲಿ ಇರೋರು ನಾವು.”

ಅವಳಿಗೆ ಅಳುವೂ ಬರಲಿಲ್ಲ. ಒಂದೇ ಮನೆಯಲ್ಲಿರುವವರೆಲ್ಲ ಸೇರಿ ಒಬ್ಬಳ ಕಿವಿಯ ಮೇಲೆ ಹೂವಿಟ್ಟಿದ್ದರು. ತನಗೆ ಮೋಸವಾದದ್ದನ್ನು ಹೇಗೋ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಎಂಟು ವರ್ಷದ ಮಗುವಿಗೆ ಸುಳ್ಳು ಓದನ್ನು ಕಲಿಸಿದ್ದನ್ನು ಹೇಗೆ ಹಾಕಿಕೊಳ್ಳುವುದು?

ಮರುದಿನ ಬೆಳಿಗ್ಗೆ ಅಂಗಡಿಯ ಕೆಲಸವನ್ನೆಲ್ಲ ಮೂಲೆಗೆ ತಳ್ಳಿ ಗುಬ್ಬಿಯನ್ನು ಎದುರಿಗೆ ಕೂರಿಸಿಕೊಂಡಳು. ಬಟ್ಟೆಯ ಅಕ್ಷರಗಳನ್ನು ನೆಲದ ಮೇಲೆ ಹರಡಿದಳು. “ಇನ್ಮೇಲೆ ನಾನೇ ಹೇಳ್ಕೊಡ್ತೀನಿ, ಯಾರೂ ಬೇಡ ನಮಗೆ. ಆ ದೊಡ್ಡಮ್ಮ ನಿಂಗೆ ಎಂಥಾ ಮೋಸ ಮಾಡಿದ್ಲು ನೋಡು,” ಎಂದಳು.

ಗುಬ್ಬಿ ಅಕ್ಷರಗಳನ್ನು ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಕೂತಳು.

“ನೀನು ಪುಟ್ಟಿಗೆ ಇದನ್ನ ಹೇಳ್ಕೊಡುವಾಗ ನಾನು ಬಾಗಿಲ ಹತ್ರ ನಿಂತು ನೋಡ್ತಿದ್ದೆ. ನಂಗೂ ಹೇಳ್ಕೊಡಮ್ಮ ಅಂತ ಕೇಳಿದ್ದೆ, ತುಂಬಾ ಸಲ. ‘ಇಲ್ಲಿ ನಿಲ್ಬೇಡ, ಮೇಲೆ ಹೋಗು, ನಿನ್ನ ಪಾಠ ಅಲ್ಲಿ’ ಅಂತ ನೀನೇ ತಳ್ಳಿ ಬಾಗ್ಲು ಹಾಕ್ತಿದ್ದೆ.”

“ಅದು ನಾವು ಮಾಡ್ಕೊಂಡಿದ್ದ ಕಟ್ಟಳೆ, ಕಂದ...”

“ದೊಡ್ಡಮ್ಮ ಬಾಗ್ಲು ಹಾಕ್ತಿರ್ಲಿಲ್ಲ,” ಎಂದಳು ಗುಬ್ಬಿ. ಎದ್ದು, ಅಕ್ಷರಗಳನ್ನು ತುಳಿಯದ ಹಾಗೆ ಬದಿಯಿಂದ ಸುತ್ತಿಕೊಂಡು, ಮಹಡಿಯ ಮೆಟ್ಟಿಲು ಹತ್ತಿದಳು.