ಟೀವಿ ಪಂಡಿತರ ಜೊತೆ ನನ್ನ ಜಗಳ

ಆ ಸಂಜೆ ಕೊನೆಗೂ ನನ್ನ ಫೋನು ಟೀವಿಯವರಿಗೆ ಹತ್ತಿಬಿಟ್ಟಿತು! ಶೇರುಪೇಟೆಯ ಪ್ರಶ್ನೋತ್ತರ ಕಾರ್ಯಕ್ರಮಕ್ಕೆ ವಾರವಿಡೀ ಹಚ್ಚಿ ಹಚ್ಚಿ ಸೋತಿದ್ದೆ. "ಮೇಡಂ, ನೇರ ಪ್ರಸಾರದಲ್ಲಿದ್ದೀರಿ, ನಿಮ್ಮ ಟೀವಿ ಸದ್ದು ಕಡಿಮೆ ಮಾಡಿ" ಎಂದು ಆ ಕಡೆಯ ಹುಡುಗಿ ಹೇಳಿದ್ದೇ ತಡ, ರಿಮೋಟು ಹುಡುಕಿ ಸದ್ದು ಪೂರ್ತಿ ಇಳಿಸಿಬಿಟ್ಟೆ.

ನನ್ನ ಸಿಟ್ಟಿಗೆ ಕಾರಣವಿತ್ತು. ವಿಜಯಪುರದ ಮನೆಯ ಪಡಸಾಲೆಯಲ್ಲಿ ಕೂತು ವರ್ಷಗಟ್ಟಲೆ ಜಂಪರು ಹೊಲಿದು ಉಳಿಸಿದ್ದನ್ನು ಒಂದು ಸಾಫ್ಟ್‌ವೇರ್ ಕಂಪನಿಯ ಶೇರಿನಲ್ಲಿ ಹಾಕಿದ್ದೆ. ಅದು ಬೆಳೆದರೆ ತವರೂರು ತಿಕೋಟಾದಲ್ಲಿ ನನ್ನದೇ ಹೊಲಿಗೆ ಅಂಗಡಿ! ತಿಕೋಟಾ ಸುತ್ತಲಿನ ಬಿಜ್ಜರಗಿ, ಕನಮಡಿಯ ಹೆಂಗಸರು ಒಂದು ಜಂಪರಿಗಾಗಿ ವಿಜಯಪುರದ ತನಕ ಬಸ್ಸಿನಲ್ಲಿ ಬರುತ್ತಿದ್ದರು, ಹಾಗಾಗಿ ಗಿರಾಕಿಗಳ ಚಿಂತೆ ಇರಲಿಲ್ಲ. ತಿಕೋಟಾ ಬಸ್ ಸ್ಟ್ಯಾಂಡಿನ ಎದುರು ಬಾಡಿಗೆಗಿದ್ದ ಒಂದು ಖೋಲಿಯ ಮೇಲೆ ಕಣ್ಣೂ ಇಟ್ಟಿದ್ದೆ.

ಆದರೆ ಟೈ ಕಟ್ಟಿಕೊಂಡ ಆ ಟೀವಿ ಪಂಡಿತರು ನೆಮ್ಮದಿಯಿಂದ ಇರಲು ಬಿಡಬೇಕಲ್ಲ! ಹೋದ ವಾರ "ಇದು ನಾಳಿನ ತಂತ್ರಜ್ಞಾನ, ಕಣ್ಣು ಮುಚ್ಚಿ ಕೊಳ್ಳಿ" ಎಂದು ಕುಣಿದವರು ಈ ವಾರ "ಎಐ ಬಂದು ಇಂಥ ಕಂಪನಿಗಳನ್ನೆಲ್ಲ ನುಂಗಿಬಿಡುತ್ತದೆ, ಹೊರಬನ್ನಿ" ಎಂದು ಅರಚುತ್ತಿದ್ದರು. ಅವರು ಅರಚಿದಾಗಲೆಲ್ಲ ನಮ್ಮ ಮನೆಯವರು ಮೊಬೈಲು ಹಿಡಿದು, "ಮಾರಿಬಿಡೂಣು" ಎನ್ನುತ್ತ ಅಡುಗೆಮನೆಯವರೆಗೂ ನನ್ನ ಬೆನ್ನು ಹತ್ತುತ್ತಿದ್ದರು. ನನ್ನ ತಲೆ ಕೆಟ್ಟು ಮೊಸರುಗಡಿಗೆಯಾಗಿತ್ತು.

"ಸರ, ಹೋದ ವಾರ ತಗೋರಿ ಅಂದ್ರಿ, ಈ ವಾರ ಮಾರ್ರಿ ಅನ್ನಾಕತ್ತೀರಿ. ಒಂದ ವಾರದಾಗ ಆ ಕಂಪನಿ ಅಂಥಾದ್ದೇನ ಮಾಡೇತ್ರಿ?" ಎಂದು ಕೇಳಿಯೇಬಿಟ್ಟೆ.

"ಕಂಪನಿ ಏನೂ ಮಾಡಿಲ್ಲ ಮೇಡಂ. ಮಾರುಕಟ್ಟೆಯ ಮನಸ್ಸು ಬದಲಾಗಿದೆ" ಎಂದರು ಪಂಡಿತರು.

"ಮಾರುಕಟ್ಟಿ ಮನಸ್ಸೋ ನಿಮ್ಮ ಮನಸ್ಸೋ? ನಿಮ್ಮ ಮಾತ ಕೇಳಿ ತಗೊಂಡವ್ರಿಗೆ ಇವತ್ತ ಏನ ಹೇಳ್ತೀರಿ? ಹೇಳ್ರೆಲಾ!"

ಪಂಡಿತರು ನೀರು ಕುಡಿದರು. ಒಂದು ಸಣ್ಣ ವಿರಾಮ ಎಂದವರೇ ನನ್ನ ಫೋನು ಕತ್ತರಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಟೀವಿಯಿಂದ ತುಸು ತಡವಾಗಿ ನನ್ನದೇ ದನಿ ಗುಡುಗಿತು, ಹಿಂದೆಯೇ ಅವರ ಮನೆಮಂದಿಯ ಚಪ್ಪಾಳೆ. ಖುಷಿಗೆ ನಾನೂ ಚಪ್ಪಾಳೆ ತಟ್ಟಿಕೊಂಡೆ. ಮರುಕ್ಷಣವೇ ಬಬಲೇಶ್ವರದಿಂದ ಚಿಗವ್ವನ ಫೋನು.

"ಯವ್ವಾ, ಟೀವ್ಯಾಗ ಬಂದೀಯಲ್ಲ! ನಾ ಯಾವ ಶೇರ ತಗೊಳ್ಳಲಿ, ಲಗೂನ ಹೇಳು!"

ನಾನು ಗಂಟಲು ಸರಿಮಾಡಿಕೊಂಡು ಹೇಳಲು ಹೊರಟೇಬಿಟ್ಟಿದ್ದೆ. ಮನೆಯವರು ಫೋನು ಕಸಿದುಕೊಂಡರು.

ಮರುದಿನ ಬೆಳಿಗ್ಗೆ ಖೋಲಿಯ ಮಾತಾಡಲು ಇಬ್ಬರೂ ತಿಕೋಟಾಕ್ಕೆ ಹೋದೆವು. ಖೋಲಿಯ ಮಾಲೀಕರು ಅರಿವೆ ವ್ಯಾಪಾರದ ಚಾಚಾ, ನನ್ನನ್ನು ಚಿಕ್ಕಂದಿನಿಂದ ಬಲ್ಲವರು.

"ನಿನ್ನಿ ಭಾಳ ಛಲೋ ಝಾಡಿಸಿದಿ ಬೇಟಿ! ಆದ್ರ ಖೋಲಿ ಕೇಳಾಕ ಇನ್ನೊಬ್ರು ಬಂದಾರ. ಸಂಜಿಮಟಾ ನಿನಗಂತ ಕಾಯ್ತೇನಿ, ಆಮ್ಯಾಲ ಆಗೂದಿಲ್ಲ" ಎಂದರು.

ನಾನು ಖೋಲಿಯ ಬಾಗಿಲಲ್ಲಿ ನಿಂತೇ ಮೊಬೈಲು ತೆಗೆದೆ. ಪಂಡಿತರ ಗದ್ದಲದಿಂದ ಬೆಲೆ ಒಂದಿಷ್ಟು ಇಳಿದಿತ್ತು. ಆದರೂ ಖೋಲಿಯ ಡಿಪಾಜಿಟ್ಟಿಗೂ ಒಂದು ಹೊಸ ಮಷೀನಿಗೂ ಸಾಕಾಗುವಂತಿತ್ತು. ಅಷ್ಟೂ ಶೇರು ಮಾರಿಬಿಟ್ಟೆ.

ಮನೆಯವರು ಬಾಯಿ ಬಿಟ್ಟುಕೊಂಡು ನೋಡಿದರು. "ಮಾರ್ರಿ ಅಂದದ್ದಕ್ಕ ನಿನ್ನಿ ಊರ ಮಂದಿ ಕೇಳೂಹಂಗ ಜಗಳಾ ಮಾಡಿದಿ!"

"ಅವ್ರು ಹೆದರಿಸಿದ್ರಂತ ಮಾರೂದಿಲ್ಲ ಅಂದಿದ್ದೆರಿ. ಈಗ ಅಂಗಡಿ ಸಲುವಾಗಿ ಮಾರೇನಿ."

"ರೊಕ್ಕ ಖಾತೆಗೆ ಬಂದ ಮ್ಯಾಲ ಕೊಡು ಬೇಟಿ, ಖೋಲಿ ನಿಂದ" ಎಂದು ಚಾಚಾ ನಗುತ್ತ ಶಟರ್ ಎತ್ತಿದರು. ನಾನು ಒಳಗೆ ಓಡಿ, ಬೆಳಕು ಬೀಳುವ ಕಿಟಕಿಯ ಹತ್ತಿರ ಮಷೀನು ಇಡುವ ಜಾಗವನ್ನು ಅಲ್ಲೇ ಗೊತ್ತು ಮಾಡಿದೆ. ಮನೆಯವರು ಇನ್ನೂ ಹೊರಗೇ ನಿಂತಿದ್ದರು.

"ನಾಳೆ ಆ ಶೇರ ಏರಿದ್ರ?" ಎಂದರು.

"ಏರಲಿ ಬಿಡ್ರಿ. ನೀವ ಒಳಗ ಬರ್ರಿ, ನಮ್ಮ ಅಂಗಡಿ ನೋಡ್ರಿ!"