ಡಬ್ಬಿ ಬಿಡದ ಕೈ

"ಡಬ್ಬಿ ಬಿಡ ಬೇ, ಇಲ್ಲಾಂದ್ರ ಪೊಲೀಸರನ್ನ ಕರೀತೇನಿ" ಎಂದು ಪ್ರಯಾಣಿಕನೊಬ್ಬ ಹೆಂಗಸೊಬ್ಬಳ ತೋಳು ಹಿಡಿದು ಜಗ್ಗುತ್ತಿದ್ದ. ತಿಕೋಟಾ ಬಸ್ ನಿಲ್ದಾಣದಲ್ಲಿ ಸಂಧಿವಾತದವರ ಉಚಿತ ಚಿಕಿತ್ಸಾ ಶಿಬಿರಕ್ಕಾಗಿ ನಾನು ಹಣ ಕೂಡಿಸುತ್ತಿದ್ದ ಡಬ್ಬಿ ಅದು. ಬೆಂಚಿನ ಮೇಲಿಟ್ಟು ನೀರು ಕುಡಿಯಲು ಹೋಗಿದ್ದೆ. ಓಡಿ ಬರುವಷ್ಟರಲ್ಲಿ ಜನ ಮುತ್ತಿದ್ದರು, ಒಬ್ಬ ಹೊಡೆಯಲು ಕೈ ಎತ್ತಿದ್ದ.

"ಬೀಳಾಕತ್ತಿತ್ತು ಅಂತ ಹಿಡದ್ನಿರಿ. ಬೆರಳು ಮಡಚಿ ಕುಂತಾವು, ಬಿಡಾಕ ಬರವಲ್ದು" ಎಂದಳು ಆಕೆ. ಹಿಡಿಕೆ ಸುತ್ತಿದ್ದ ಬೆರಳುಗಳ ಗಂಟುಗಳು ಊದಿ ಕೆಂಪಾಗಿದ್ದವು. ಎತ್ತಿದ ಕೈ ಕೆಳಗಿಳಿಯಿತು. ಬಿಸಿ ಚಹಾದ ಗ್ಲಾಸು ತರಿಸಿ, ಶಾಖ ಕೊಡುತ್ತಾ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಡಬ್ಬಿ ತನ್ನಂಥವರಿಗಾಗಿ ಎಂಬುದು ಆಕೆಗೆ ಗೊತ್ತೇ ಇರಲಿಲ್ಲ.

ಈಗ ಹಣ ಕೂಡಿಸಲು ಹೊರಟಾಗ ಮೊದಲು ಎದುರಿಗಿದ್ದವರ ಕೈ ನೋಡುತ್ತೇನೆ. ಕೆಲವರ ಮುಂದೆ ಡಬ್ಬಿ ಚಾಚುವುದಿಲ್ಲ, ಶಿಬಿರಕ್ಕೆ ಬನ್ನಿ ಎನ್ನುತ್ತೇನೆ.